ಮೂರರಿಂದ ಐದು, ನನ್ನ ಹೊತ್ತು

ನಲವತ್ತೈದು ದಾಟಿದ ಹೆಂಗಸು ಹೊಸದೇನಾದರೂ ಕಲಿಯೋಕೆ ಕೂತರೆ ಎಲ್ಲರೂ ಕೇಳುವುದು ಒಂದೇ: "ಇದರಿಂದ ಎಷ್ಟು ಬರ್ತದ?" ನಮ್ಮ ಧಾರವಾಡ ಕಡೆಯ ಕಸೂತಿ ಹಾಕ್ತೀನಿ ಅಂದಾಗ ನನ್ನನ್ನೂ ಅದನ್ನೇ ಕೇಳಿದರು. ಇನ್‌ಸ್ಟಾಗ್ರಾಂನಲ್ಲಿ ಪೇಜ್ ಮಾಡು, ಬ್ಲೌಸಿಗೆ ಹಾಕಿಕೊಡು, ಒಳ್ಳೆ ರೇಟು ಸಿಗ್ತದ ಅಂದರು. ಪ್ರೀತಿಯಿಂದಲೇ ಹೇಳಿದ್ದು. ಆದರೆ ನಾನು ಮಾರೋಕೆ ಹಾಕ್ತಿಲ್ಲ. (ಕಸೂತಿಯಿಂದಲೇ ಮನೆ ನಡೆಸುವವರ ಮಾತು ಬೇರೆ. ಅವರ ಕೈಗೆ ಈಗ ಸಿಗುವುದಕ್ಕಿಂತ ಜಾಸ್ತಿ ಸಿಗಲೇಬೇಕು.)

ಹುಟ್ಟಿ ಬೆಳೆದಿದ್ದು ಧಾರವಾಡದಲ್ಲಿ. ಅವ್ವನ ಟ್ರಂಕಿನಲ್ಲಿ ಕಸೂತಿ ಹಾಕಿದ ಕಪ್ಪು ಚಂದ್ರಕಾಳಿ ಸೀರೆ ಇತ್ತು. ಕಲಿಯೋ ಆಸೆ ಆಗಿನಿಂದಲೇ ಇತ್ತು. ಆಮೇಲೆ ಮದುವೆ, ಮಕ್ಕಳು, ಅವರ ಟ್ಯೂಷನ್ನು, ಅತ್ತೆಯವರ ಮೊಣಕಾಲು ನೋವು. ಆ ವರ್ಷಗಳ ಬಗ್ಗೆ ನನಗೆ ಯಾವ ಬೇಸರವೂ ಇಲ್ಲ. ಮಗಳು ಕೆಲಸಕ್ಕೆ ಅಂತ ಬೆಂಗಳೂರಿಗೆ ಹೋದಳು, ಮಗ ಹಾಸ್ಟೆಲ್ ಸೇರಿದ. ಮಧ್ಯಾಹ್ನದ ಹೊತ್ತು ಹೋಗೋದೇ ಕಷ್ಟವಾಯಿತು. "ಊಟ ಆತೇನು?" ಅಂತ ದಿನಕ್ಕೆ ಎಷ್ಟು ಸಲ ಫೋನ್ ಮಾಡೋಕಾಗುತ್ತೆ ಹೇಳಿ? ಕಸೂತಿ ಕಲಿಯೋಕೆ ಅಂತ ನಮ್ಮ ಓಣಿಯ ಅಜ್ಜಿಯೊಬ್ಬರ ಹತ್ತಿರ ಹೋಗಿ ಕೂತೆ.

ಈ ಕಸೂತಿಯಲ್ಲಿ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವಂತಿಲ್ಲ. ನೇಯ್ಗೆಯ ಎಳೆ ಎಣಿಸಿಯೇ ಸೂಜಿ ಚುಚ್ಚಬೇಕು. ಗಂಟೂ ಹಾಕುವಂತಿಲ್ಲ. ಗಾವಂತಿ, ಮುರ್ಗಿ, ನೇಯ್ಗಿ, ಮೆಂತಿ ಅಂತ ನಾಲ್ಕು ಹೊಲಿಗೆ. ಗಾವಂತಿಯಲ್ಲಿ ಒಂದು ಹೊಲಿಗೆ ಹಾಕಿ ಒಂದು ಬಿಟ್ಟು ಮುಂದೆ ಹೋಗಬೇಕು. ಅದೇ ದಾರಿಯಲ್ಲಿ ವಾಪಸ್ ಬರುವಾಗ ಬಿಟ್ಟಿದ್ದನ್ನು ತುಂಬಬೇಕು. ಸೀರೆ ಮಗುಚಿ ನೋಡಿದರೂ ಹಾಕಿದ ಗೋಪುರದ ಚಿತ್ರ ಹಾಗೇ ಕಾಣಬೇಕು. ಎಲ್ಲಿ ಹೊರಳಬೇಕು, ಹೊರಟ ಜಾಗಕ್ಕೆ ಹೇಗೆ ಮರಳಬೇಕು ಅನ್ನೋದು ಸೂಜಿ ಚುಚ್ಚುವ ಮೊದಲೇ ತಲೆಯಲ್ಲಿರಬೇಕು. ಅದೂ ಕಪ್ಪು ಬಟ್ಟೆ, ಚಾಳೀಸು ಬಂದ ಕಣ್ಣು! "ಲೆಕ್ಕ ತಪ್ಪಿದ್ರ ಬಿಚ್ಚವಾ, ಅವಸರ ಮಾಡಬ್ಯಾಡ" ಅಂತಾರೆ ಅಜ್ಜಿ. ಆ ಎರಡು ಗಂಟೆ ನನಗೆ ಯಾವ ಚಿಂತೆಯೂ ನೆನಪಾಗುವುದಿಲ್ಲ.

ಇಲ್ಲೇ ನಾನು ಹೇಳಬೇಕಾದ ಮಾತಿರೋದು. ಈ ವಯಸ್ಸಿನಲ್ಲಿ ಏನಾದರೂ ಕಲಿಯುವವರಿಗೆ ಮನೆಯವರು ಕೊಡಬೇಕಾದ್ದು ಹೊತ್ತು. "ಎಷ್ಟು ಚೆಂದ ಹಾಕೀದಿ" ಅಂತ ಹೊಗಳಿ, ಐದು ನಿಮಿಷಕ್ಕೊಮ್ಮೆ "ಟವೆಲ್ ಎಲ್ಲೈತಿ?" ಅಂತ ಕರೆದರೆ ಎಣಿಸಿದ್ದೆಲ್ಲ ಮತ್ತೆ ಮೊದಲಿನಿಂದ. ನಮ್ಮ ಮನೆಯಲ್ಲಿ ಇದನ್ನು ಕೂತು ಮಾತಾಡಿದೆವು. ಮೂರರಿಂದ ಐದರವರೆಗೆ ನನ್ನನ್ನು ಯಾರೂ ಕರೆಯುವುದಿಲ್ಲ. ಭಾನುವಾರ ಆ ಹೊತ್ತಿನ ಚಹಾ ನಮ್ಮ ಯಜಮಾನರದ್ದೇ. ನನ್ನ ಫೋನ್ ಬಂದರೆ ಅತ್ತೆ ಎತ್ತಿ ಹೇಳ್ತಾರೆ, "ಅಕಿ ಎಳಿ ಎಣಸಾಕತ್ತಾಳ, ಆಮ್ಯಾಲೆ ಮಾಡ್ರಿ." ಎಂಬತ್ತರ ಹತ್ತಿರದ ಅತ್ತೆ ನನಗಾಗಿ ಹಾಗೆ ಹೇಳುವಾಗ ಎದೆ ತುಂಬಿ ಬರುತ್ತೆ.

ಕನ್ನಡದ ಲೇಖಕಿ ಸಾರಾ ಅಬೂಬಕ್ಕರ್ ಹುಟ್ಟಿದ್ದು 1936ರಲ್ಲಿ. ಅವರ ಮೊದಲ ಕಾದಂಬರಿ ಬಂದದ್ದು 1980ರ ದಶಕದಲ್ಲಿ, ನಲವತ್ತು ದಾಟಿದ ಮೇಲೆ. ಆ ಹೊತ್ತಿಗೆ ಅವರು ಗಂಡುಮಕ್ಕಳನ್ನು ಬೆಳೆಸಿದ ತಾಯಿ. ನಾನೇನು ಅವರಿಗೆ ಸಮ ಅಂತಲ್ಲ. ಆದರೆ "ಈಗ್ಯಾಕ ಬೇಕಿತ್ತು ಇದೆಲ್ಲಾ" ಅಂತ ಯಾರಾದರೂ ಅಂದಾಗ ನನಗೆ ಅವರು ನೆನಪಾಗುತ್ತಾರೆ.

ಹೋದ ತಿಂಗಳು ಪರಿಚಯದವರೊಬ್ಬರು ಮಗಳ ಮದುವೆಗೆ ಸೀರೆ ಹಾಕಿಕೊಡು ಅಂದರು, ದುಡ್ಡೂ ಹೇಳಿದರು. ಆಗಲ್ಲ ಅಂದೆ. ಆರ್ಡರ್ ಅಂದಮೇಲೆ ತಾರೀಖು ಬರುತ್ತೆ. ತಾರೀಖಿನ ಹಿಂದೆ ಓಡಿ ಓಡಿ ಸಾಕಾಗಿದೆ: ಪರೀಕ್ಷೆ, ಫೀಸು, ಆಸ್ಪತ್ರೆ, ಹಬ್ಬ. ಈ ಒಂದು ಕೆಲಸಕ್ಕೆ ತಾರೀಖು ಬೇಡ. ಕಸೂತಿ ಹಾಕುವ ಇನ್ನಿಬ್ಬರ ಹತ್ತಿರ ಅವರನ್ನು ಕಳಿಸಿದೆ.

ನನ್ನ ಸೀರೆಯ ಸೆರಗಿಗೆ ಗೋಪುರದ ಸಾಲು ಮುಗಿದಿದೆ. ಮುಂದೆ ಆನೆ ಅಂಬಾರಿ ಇರಲಿ ಅಂತಾರೆ ಅತ್ತೆ. ಮಗಳಿಗೆ ನವಿಲೇ ಬೇಕಂತೆ. ನಾನು ಎರಡನ್ನೂ ಹಾಕ್ತೀನಿ, ಎಷ್ಟು ದಿನವಾದರೂ ಆಗಲಿ.