ಮುಚ್ಚಿಟ್ಟಿರೋದು ನಾನಲ್ಲ ಮಾರಾಯ

ನಿನ್ನೆ ಅಕ್ಕನ ಮಗ ಮನೆಗೆ ಬಂದಿದ್ದ. ಇಂಜಿನಿಯರಿಂಗ್ ಓದ್ತಿದಾನೆ, ಹಾಗಾಗಿ ಸದ್ಯಕ್ಕೆ ಅವನಿಗೆ ಎಲ್ಲವೂ ಗೊತ್ತು. ಟಿವಿ ಹಿಂದೆ ಮಿಣುಕುತ್ತಿದ್ದ ಹಳೇ ಮಿನಿ ಕಂಪ್ಯೂಟರ್ ನೋಡಿ "ಇದೇನು ಮಾಮ" ಅಂದ. ನಮ್ಮ ಬ್ರೌಸರ್ ಸಿಂಕ್ ಸರ್ವರ್ ಕಣೋ ಅಂದೆ. ನನ್ನ ಲ್ಯಾಪ್‌ಟಾಪು, ಫೋನು, ನಿಮ್ಮತ್ತೆಯ ಫೋನು, ಎಲ್ಲದರ ಬುಕ್‌ಮಾರ್ಕು, ಪಾಸ್‌ವರ್ಡು, ತೆರೆದಿಟ್ಟ ಟ್ಯಾಬು ಇದರ ಮೂಲಕವೇ ಓಡಾಡುತ್ತವೆ ಅಂತ ವಿವರಿಸಿದೆ. ಹುಡುಗ ಸಣ್ಣಗೆ ನಕ್ಕ. "ಅಷ್ಟೊಂದು ಮುಚ್ಚಿಡೋಕೆ ನಿಂಗೇನಿದೆ ಮಾಮ?"

ಅಡುಗೆಮನೆಯಿಂದ ಹೆಂಡತಿಯೂ ನಕ್ಕಳು. ಉರಿದದ್ದು ಅದಕ್ಕೆ.

ಈ ಪ್ರಶ್ನೆ ನನಗೆ ಹೊಸದಲ್ಲ. ಸ್ವಂತ ಸರ್ವರ್ ಅಂದ ಕೂಡಲೇ ಜನ ನನ್ನನ್ನು ಒಂಥರಾ ನೋಡುತ್ತಾರೆ. ಬ್ಯಾಂಕಿನಲ್ಲಿ ಕೆಲಸ ಮಾಡುವ ಗೆಳೆಯ ಕೇಳಿದ್ದಾನೆ, ಪಕ್ಕದ ಮನೆಯವರು ಕೇಳಿದ್ದಾರೆ, ಹಳೇ ಆಫೀಸಿನ ಬಾಸು ಕೂಡ ಕೇಳಿದ್ದರು. ಒಮ್ಮೆ ಉತ್ತರ ಬರೆದುಬಿಡುತ್ತೇನೆ. ಇನ್ನು ಮುಂದೆ ಕೇಳಿದವರಿಗೆ ಲಿಂಕ್ ಕಳಿಸಿದರಾಯಿತು.

ನನ್ನ ಬ್ರೌಸರ್ ಹಿಸ್ಟರಿ ಬೇಕಾ? ತಗೊಳ್ಳಿ. ಅಡಿಕೆ ರೇಟು. ಆಗುಂಬೆಯಲ್ಲಿ ಎಷ್ಟು ಮಳೆ. ಕೆಎಸ್‌ಆರ್‌ಟಿಸಿ ಬಸ್ ಬುಕಿಂಗ್. ಮಂಡಿ ನೋವಿಗೆ ವ್ಯಾಯಾಮ. ಮತ್ತೆ ಅಡಿಕೆ ರೇಟು. ರಾತ್ರಿ ಹನ್ನೊಂದಕ್ಕೆ "ಮಂಡಿ ಆಪರೇಷನ್ ಖರ್ಚು". ಇದನ್ನು ಕದ್ದವನು ಬೇಜಾರಾಗಿ ವಾಪಸ್ ತಂದಿಟ್ಟು ಹೋಗುತ್ತಾನೆ. ಗುಟ್ಟಿಗೋಸ್ಕರ ಯಾರಾದರೂ ಇಷ್ಟು ಕಷ್ಟ ಪಡುತ್ತಾರಾ?

ಇನ್ನೊಂದು ವಿಷಯ ಆ ಹುಡುಗನಿಗೆ ಗೊತ್ತಿರಲಿಲ್ಲ. ನಾನು ಬಳಸುವ ಫೈರ್‌ಫಾಕ್ಸ್ ಬ್ರೌಸರ್‌ನ ಸಿಂಕ್‌ನಲ್ಲಿ ಗುಟ್ಟಿನ ಪ್ರಶ್ನೆ ಆಗಲೇ ಬಹುಪಾಲು ಬಗೆಹರಿದಿದೆ. ನನ್ನ ಸರ್ವರ್ ಬಳಸಿದರೂ ಅಷ್ಟೇ, ಫೈರ್‌ಫಾಕ್ಸ್ ಮಾಡುವ ಮೊಜಿಲ್ಲಾದವರದು ಬಳಸಿದರೂ ಅಷ್ಟೇ. ಡೇಟಾ ನಮ್ಮ ಮಷಿನ್‌ನಲ್ಲೇ ಎನ್‌ಕ್ರಿಪ್ಟ್ ಆಗಿ, ಅಂದರೆ ಕೀಲಿ ಇಲ್ಲದೆ ಓದಲಾಗದ ಹಾಗೆ ಬದಲಾಗಿ, ಹೊರಗೆ ಹೋಗುತ್ತದೆ. ಅದಕ್ಕೆ ಬೇಕಾದ ಕೀಲಿ ಹುಟ್ಟುವುದು ನಮ್ಮ ಪಾಸ್‌ವರ್ಡ್‌ನಿಂದ, ಅದೂ ನಮ್ಮ ಬ್ರೌಸರ್ ಒಳಗೇ. ಪಾಸ್‌ವರ್ಡ್ ಇದ್ದ ಹಾಗೇ ಸರ್ವರ್‌ಗೆ ಹೋಗುವುದೇ ಇಲ್ಲ. ಅದಕ್ಕೇ ಪಾಸ್‌ವರ್ಡ್ ಮರೆತು ರೀಸೆಟ್ ಮಾಡಿದರೆ, ರಿಕವರಿ ಕೀ ಇಟ್ಟುಕೊಂಡಿಲ್ಲದಿದ್ದರೆ, ಸರ್ವರ್‌ನಲ್ಲಿದ್ದದ್ದನ್ನು ಮೊಜಿಲ್ಲಾದವರೂ ತೆಗೆದುಕೊಡಲಾರರು.

ನನ್ನದೇ ಡೇಟಾಬೇಸ್ ಬಿಚ್ಚಿ ನೋಡಿದರೂ ನನಗೇ ಏನೂ ಓದಲು ಬರುವುದಿಲ್ಲ. ಸಾಲು ಸಾಲು ಗಜಿಬಿಜಿ ಅಕ್ಷರ. ಪಕ್ಕದಲ್ಲಿ ಒಂದು ನಂಬರು: 4 ಅಂದರೆ ಹಿಸ್ಟರಿ, 7 ಅಂದರೆ ಬುಕ್‌ಮಾರ್ಕು, 10 ಅಂದರೆ ಪಾಸ್‌ವರ್ಡು. ಯಾವಾಗ ಬಂತು, ಎಷ್ಟು ದೊಡ್ಡದು, ಇಷ್ಟೇ. ಹೆಂಡತಿಯ ಫೋನು ರಾತ್ರಿ ಎಷ್ಟು ಹೊತ್ತಿಗೆ ಸಿಂಕ್ ಆಯಿತು ಅಂತ ನನಗೆ ಗೊತ್ತಾಗುತ್ತದೆ, ಏನು ನೋಡಿದಳು ಅಂತ ಗೊತ್ತಾಗುವುದಿಲ್ಲ. (ಅವಳಿಗೆ ಇದನ್ನು ಹೇಳಿದ್ದೇನೆ. ನಂಬಿದ್ದಾಳಾ ಅನ್ನೋದು ಬೇರೆ ಮಾತು.)

ಕ್ರೋಮ್‌ನಲ್ಲಿ ಹೀಗಲ್ಲ. ಬೇರೆ ಪಾಸ್‌ಫ್ರೇಸ್ (ಸಿಂಕ್‌ಗೇ ಅಂತ ಇನ್ನೊಂದು ಪಾಸ್‌ವರ್ಡು) ಅಂತ ಒಂದನ್ನು ನೀವಾಗಿಯೇ ಹಾಕದಿದ್ದರೆ ಕೀಲಿ ಗೂಗಲ್ ಹತ್ತಿರ ಇರುತ್ತದೆ. ನನ್ನನ್ನು ಕೇಳುವವರಲ್ಲಿ ಎಷ್ಟು ಜನ ಅದನ್ನು ಹಾಕಿದ್ದಾರೋ! ಅಕ್ಕನ ಮಗನಂತೂ ಹಾಕಿಲ್ಲ, ಕೇಳಿದೆ.

ಹಾಗಾದರೆ ಯಾಕಪ್ಪಾ ಈ ಉಸಾಬರಿ?

ಇದನ್ನು ಯಾವತ್ತು ನಿಲ್ಲಿಸಬೇಕು ಅಂತ ತೀರ್ಮಾನ ಮಾಡುವವರು ಯಾರು ಅನ್ನುವುದೇ ನನ್ನ ಪ್ರಶ್ನೆ. ಉಳಿದದ್ದೆಲ್ಲ ಆಮೇಲೆ.

ಎಕ್ಸ್‌ಮಾರ್ಕ್ಸ್ ನೆನಪಿದೆಯಾ? ನನ್ನ ವಯಸ್ಸಿನವರಿಗೆ ಇರಬೇಕು. ಮೊದಲು ಫಾಕ್ಸ್‌ಮಾರ್ಕ್ಸ್ ಅಂತಿತ್ತು. ಬುಕ್‌ಮಾರ್ಕ್ ಸಿಂಕ್ ಅಂದರೆ ಅದೇ ಅನ್ನುವ ಕಾಲ. 2010ರಲ್ಲಿ ಮುಚ್ಚುತ್ತೇವೆ ಅಂದರು. ಬಳಸುತ್ತಿದ್ದವರು ಅಯ್ಯೋ ಬೇಡ, ದುಡ್ಡು ಕೊಡ್ತೀವಿ ಅಂತ ಗೋಗರೆದರು. ಪಾಸ್‌ವರ್ಡ್ ಕಾಪಿಡುವ ಲಾಸ್ಟ್‌ಪಾಸ್ ಕಂಪನಿಯವರು ಕೊಂಡುಕೊಂಡು ಉಳಿಸಿದರು. ಉಳಿಸಿ, 2018ರ ಮೇ 1ಕ್ಕೆ ಮುಚ್ಚಿದರು.

2021ರದು ಇನ್ನೂ ಚೆನ್ನಾಗಿದೆ. ಕ್ರೋಮಿಯಂ ಅಂತ ಒಂದು ಬ್ರೌಸರ್. ಕ್ರೋಮ್‌ನ ಬುಡ ಅದೇ, ಓಪನ್ ಸೋರ್ಸ್, ಅಂದರೆ ಅದರ ಕೋಡ್ ಎಲ್ಲರಿಗೂ ಮುಕ್ತ. ವಿಂಡೋಸ್ ಬದಲು ಲಿನಕ್ಸ್ ಬಳಸುವವರು ಅದರಲ್ಲೇ ಗೂಗಲ್ ಅಕೌಂಟ್ ಹಾಕಿ ಸಿಂಕ್ ಮಾಡಿಕೊಂಡು ಆರಾಮಾಗಿದ್ದರು. ಜನವರಿಯಲ್ಲಿ ಗೂಗಲ್ ಘೋಷಣೆ: ಕ್ರೋಮ್ ಸಿಂಕ್ ನಮ್ಮ ಬ್ರೌಸರ್‌ಗೆ ಮಾತ್ರ, ಮಾರ್ಚ್ 15ರಿಂದ ಬೇರೆಯವರಿಗೆ ಇಲ್ಲ. ಅವರ ಸರ್ವರ್, ಅವರ ಇಷ್ಟ. ಕಾನೂನಿನ ಪ್ರಕಾರ ತಪ್ಪೇನೂ ಇಲ್ಲ. ನಾನು ಹೇಳುತ್ತಿರುವುದೂ ಅದನ್ನೇ. ಅವರ ಸರ್ವರ್, ಅವರ ಇಷ್ಟ. ಆ ಲಿನಕ್ಸ್‌ನವರೆಲ್ಲ ಏನು ಮುಚ್ಚಿಟ್ಟಿದ್ದರು? ಏನೂ ಇಲ್ಲ. ಆದರೂ ಎರಡು ತಿಂಗಳಲ್ಲಿ ಬೇರೆ ದಾರಿ ಹುಡುಕಬೇಕಾಯಿತು.

ಮೊಜಿಲ್ಲಾ ಹಾಗಲ್ಲ, ಅವರು ಒಳ್ಳೆಯವರು ಅನ್ನುವವರಿದ್ದಾರೆ. ನಾನೂ ಆ ಪಾರ್ಟಿಯವನೇ. ಆದರೆ ಒಳ್ಳೆಯವರು 2017ರಲ್ಲಿ ಕೊಂಡುಕೊಂಡ ಪಾಕೆಟ್ (ಲೇಖನಗಳನ್ನು ಆಮೇಲೆ ಓದಲು ಎತ್ತಿಡುವ ಸೇವೆ) ಅನ್ನು 2025ರ ಜುಲೈ 8ಕ್ಕೆ ಮುಚ್ಚಿದರು. ಫೈಲ್ ಕಳಿಸುವ ಫೈರ್‌ಫಾಕ್ಸ್ ಸೆಂಡ್ ಹೋಯಿತು, ಪಾಸ್‌ವರ್ಡ್ ಇಡುವ ಲಾಕ್‌ವೈಸ್ ಹೋಯಿತು. ಒಳ್ಳೆಯವರಿಗೂ ಖರ್ಚು ಇರುತ್ತದೆ ಸ್ವಾಮಿ.

ಈಗ ನನ್ನ ನಿಜವಾದ ಸಿಟ್ಟಿಗೆ ಬರುತ್ತೇನೆ. ಮುಚ್ಚಿಡೋಕೆ ನಿಂಗೇನಿದೆ ಅಂತ ನನ್ನನ್ನು ಕೇಳುತ್ತೀರಲ್ಲ, ಅದನ್ನು ಬ್ರೌಸರ್ ಮಾಡುವವರನ್ನು ಕೇಳಿ. ಮುಚ್ಚಿಟ್ಟಿರುವುದು ಅವರು.

ಮೊಜಿಲ್ಲಾ ಲ್ಯಾಬ್ಸ್‌ನಲ್ಲಿ 2007ರ ಡಿಸೆಂಬರ್‌ನಲ್ಲಿ ವೀವ್ ಅಂತ ಶುರುವಾದದ್ದು ಈ ಸಿಂಕ್. 2011ರ ಮಾರ್ಚ್‌ನಲ್ಲಿ ಫೈರ್‌ಫಾಕ್ಸ್ 4ರ ಜೊತೆ ಬ್ರೌಸರ್ ಒಳಗೇ ಬಂತು. ಆಗ ಸಿಂಕ್ ಶುರು ಮಾಡುವ ಕಿಟಕಿಯಲ್ಲೇ ಸರ್ವರ್ ಯಾವುದು ಅಂತ ಕೇಳುತ್ತಿತ್ತು. ಅವರದು ಬೇಕಾ, ನಿಮ್ಮದು ಬೇಕಾ, ಎರಡೂ ಒಂದೇ ಪಟ್ಟಿಯಲ್ಲಿ. ಯಾರಿಗೆ ಬೇಕಾದರೂ ಕಾಣುವ ಹಾಗೆ. 2014ರ ಏಪ್ರಿಲ್‌ನಲ್ಲಿ ಫೈರ್‌ಫಾಕ್ಸ್ 29 ಬಂತು, ಫೈರ್‌ಫಾಕ್ಸ್ ಅಕೌಂಟ್ (ಈಗ ಮೊಜಿಲ್ಲಾ ಅಕೌಂಟ್) ಬಂತು, ಆ ಪಟ್ಟಿ ಮಾಯ.

ಸೌಲಭ್ಯ ತೆಗೆದುಹಾಕಿಲ್ಲ ನೋಡಿ. ಇದೆ. ಎಲ್ಲಿದೆ? ಅಡ್ರೆಸ್ ಬಾರ್‌ನಲ್ಲಿ about:config ಅಂತ ಹೊಡೆಯಬೇಕು. ಹುಷಾರು, ಇಲ್ಲಿ ಕೈ ಹಾಕಿದರೆ ಬ್ರೌಸರ್ ಹಾಳಾಗಬಹುದು ಅಂತ ಹೆದರಿಸುತ್ತದೆ. ಹೆದರದೆ ಒಳಗೆ ಹೋಗಿ ಟೋಕನ್‌ಸರ್ವರ್ (ಯಾವ ಸಿಂಕ್ ಸರ್ವರ್‌ಗೆ ಹೋಗಬೇಕು ಅಂತ ಬ್ರೌಸರ್‌ಗೆ ಹೇಳುವುದು ಅದೇ) ಅಂತ ಹುಡುಕಿ, ಅಲ್ಲಿರುವ ವಿಳಾಸ ಅಳಿಸಿ ನಮ್ಮದನ್ನು ಬರೆಯಬೇಕು. ಆಂಡ್ರಾಯ್ಡ್ ಫೋನಿನಲ್ಲಿ? ಸೆಟ್ಟಿಂಗ್ಸ್‌ನ ಕೊನೆಗೆ ಹೋಗಿ, ಅಬೌಟ್ ಪುಟ ತೆರೆದು, ಅಲ್ಲಿನ ಲೋಗೋ ಮೇಲೆ ಐದು ಸಲ ಕುಟ್ಟಬೇಕು. ಹೌದು, ತಮಾಷೆ ಮಾಡ್ತಿಲ್ಲ. ಐದು ಸಲ. ಆಗ ಹಿಂದಿನ ಪುಟದಲ್ಲಿ ಕಸ್ಟಮ್ ಸಿಂಕ್ ಸರ್ವರ್ ಅನ್ನುವ ಸಾಲು ಮೂಡುತ್ತದೆ. ಮಂತ್ರ ಒಂದು ಕಮ್ಮಿ, ಮಿಕ್ಕಿದ್ದೆಲ್ಲ ಇದೆ.

ನಿಮ್ಮ ಡೇಟಾ ನಿಮ್ಮದು ಅಂತ ದೊಡ್ಡ ಅಕ್ಷರದಲ್ಲಿ ಬರೆಯುತ್ತಾರೆ. ಅದನ್ನು ನನ್ನ ಮನೆಗೆ ತರುವ ದಾರಿ ಮಾತ್ರ ಲೋಗೋ ಕುಟ್ಟಿದವನಿಗೆ.

ಅದಕ್ಕೆ ಒಂದು ಸಮರ್ಥನೆ ಇದೆ, ಗೊತ್ತು. ಸಾಮಾನ್ಯ ಜನರ ಕೈಗೆ ಸಿಕ್ಕರೆ ಮೋಸಗಾರರು ಫೋನ್ ಮಾಡಿ "ಅಮ್ಮಾ ಅಲ್ಲಿ ಈ ವಿಳಾಸ ಹಾಕಿ" ಅಂತ ಹೇಳಿಸಿ ದೋಚುತ್ತಾರೆ ಅಂತ. ನಮ್ಮಲ್ಲಿ ಓಟಿಪಿ ಹೇಳಿಸಿ ದೋಚುವವರು ಇರುವಾಗ ಈ ಭಯ ಸುಳ್ಳು ಅಂತ ಹೇಳಲಾರೆ. ಆದರೆ ಸಿಂಕ್ ಸರ್ವರ್ ವಿಳಾಸ ಬದಲಿಸಿದರೆ ಕಳ್ಳನಿಗೆ ಸಿಗುವುದು ಅದೇ ಗಜಿಬಿಜಿ ಅಕ್ಷರ. ಕೀಲಿ ಸಿಗುವುದಿಲ್ಲ. ಲಾಗಿನ್ ಆಗುವ ಅಕೌಂಟ್ ಸರ್ವರ್ ಬದಲಿಸಿದರೆ ಅಪಾಯ, ಒಪ್ಪುತ್ತೇನೆ. ಅದನ್ನು ಬೇಕಾದರೆ ಐವತ್ತು ಸಲ ಕುಟ್ಟಿಸಿ. ಇದನ್ನು ಯಾಕೆ? ಅದೂ ಅಲ್ಲದೆ ಮೂರು ವರ್ಷ ಎಲ್ಲರಿಗೂ ಕಾಣುವ ಹಾಗೆ ಇದ್ದಿದ್ದು ಅವರದೇ ಬ್ರೌಸರ್‌ನಲ್ಲಿ ಅಲ್ವಾ.

ಇನ್ನು ಆ ಅಕೌಂಟ್ ಸರ್ವರ್ ವಿಷಯ. ಇಲ್ಲಿ ನನ್ನ ಜಂಬ ಸ್ವಲ್ಪ ಇಳಿಯುತ್ತದೆ. ನಾನು ನಡೆಸುವುದು ಡೇಟಾ ಇಡುವ ಭಾಗ ಮಾತ್ರ. ಒಳಗೆ ಬಿಡುವ ಮೊದಲು ಇವನು ಇವನೇ ಹೌದಾ ಅಂತ ನನ್ನ ಸರ್ವರ್ ಮೊಜಿಲ್ಲಾ ಅಕೌಂಟ್‌ನವರನ್ನೇ ಕೇಳುತ್ತದೆ. ಸ್ವಂತ ಮನೆ ಕಟ್ಟಿಸಿ, ಒಳಗೆ ಕಾಲಿಡಲು ಹಳೇ ಓನರ್ ಹತ್ತಿರ ಚೀಟಿ ಬರೆಸಿಕೊಂಡು ಬಂದ ಹಾಗೆ. ಅಕೌಂಟ್ ಸರ್ವರ್‌ನ ಕೋಡ್ ಕೂಡ ಓಪನ್ ಸೋರ್ಸೇ. ಆದರೆ ಅದು ಒಂದು ಪ್ರೋಗ್ರಾಂ ಅಲ್ಲ, ದೊಡ್ಡ ಸಂಸಾರ. ಒಂದನ್ನು ಎಬ್ಬಿಸಿದರೆ ಇನ್ನೊಂದು ಮಲಗಿರುತ್ತದೆ. ಆ ತಂಟೆಗೆ ನಾನು ಹೋಗಿಲ್ಲ, ಮೂರು ಡಿವೈಸಿಗೆ ಅಷ್ಟು ಹುಚ್ಚು ನನಗೂ ಇಲ್ಲ.

ಡೇಟಾ ಇಡುವ ಭಾಗವೂ ಸುಲಭ ಅಂತ ಹೇಳಲ್ಲ. ಮೊದಲು ಪೈಥಾನ್ ಭಾಷೆಯಲ್ಲಿ ಬರೆದ ಒಂದು ಸಿಂಕ್‌ಸರ್ವರ್ ಇತ್ತು. ಪಾಪದ್ದು. ಎಸ್‌ಕ್ಯೂಲೈಟ್ ಅನ್ನುವ ಪುಟ್ಟ ಡೇಟಾಬೇಸ್ ಫೈಲ್ ಒಂದು ಕೊಟ್ಟರೆ ತೆಪ್ಪಗೆ ಓಡುತ್ತಿತ್ತು. ಅದು ನಿಂತದ್ದು ಪೈಥಾನ್ 2ರ ಮೇಲೆ, ಪೈಥಾನ್ 2ರ ಆಯಸ್ಸು 2020ರ ಜನವರಿ 1ಕ್ಕೆ ಮುಗಿಯಿತು. ಅದರ ಜಾಗಕ್ಕೆ ರಸ್ಟ್ ಅನ್ನುವ ಭಾಷೆಯಲ್ಲಿ ಬರೆದ ಸಿಂಕ್‌ಸ್ಟೋರೇಜ್-ಆರ್‌ಎಸ್ ಬಂತು. ವೇಗ ಜಾಸ್ತಿ, ಕೋಟಿ ಜನಕ್ಕೂ ಸಾಕು. ನಮ್ಮಂಥ ಮನೆಯವರು ಮಾತ್ರ ಲೆಕ್ಕಕ್ಕಿಲ್ಲ. ಮೊಜಿಲ್ಲಾದವರು ಅದನ್ನು ಓಡಿಸುವುದು ಗೂಗಲ್ ಕ್ಲೌಡ್‌ನ ಸ್ಪ್ಯಾನರ್ ಡೇಟಾಬೇಸ್ ಮೇಲೆ. ಗೂಗಲ್ ಸಾಕಪ್ಪಾ ಅಂತ ಓಡಿಬಂದವರ ಬುಕ್‌ಮಾರ್ಕುಗಳು, ಬೀಗ ಹಾಕಿಕೊಂಡೇ ಆದರೂ, ಮಲಗುವುದು ಗೂಗಲ್ ಜಗಲಿಯಲ್ಲೇ. ಸುಮ್ನೆ ಹೇಳಿದೆ.

ನಾನು ಮೈಎಸ್‌ಕ್ಯೂಎಲ್ ಅನ್ನುವ ಡೇಟಾಬೇಸ್ ಮೇಲೆ ಓಡಿಸುತ್ತೇನೆ. ಎರಡು ಡೇಟಾಬೇಸ್ ಬೇಕು, ಒಂದು ಸಿಂಕ್‌ಗೆ, ಒಂದು ಟೋಕನ್‌ಗೆ. ಎಲ್ಲ ಎದ್ದು ನಿಂತ ಮೇಲೂ ಬ್ರೌಸರ್ ಮಾತಾಡಲಿಲ್ಲ. ಯಾಕೆಂದರೆ ನಮ್ಮ ಸರ್ವರ್ ವಿಳಾಸವನ್ನು ಟೋಕನ್ ಡೇಟಾಬೇಸ್‌ನ ನೋಡ್ಸ್ ಅನ್ನುವ ಟೇಬಲ್‌ಗೆ ನಾನೇ ಕೈಯಾರೆ ತುಂಬಬೇಕಾಯಿತು. ಒಬ್ಬನೇ ಬಳಸುವ ಸರ್ವರ್‌ಗೂ ಇವನನ್ನು ಯಾವ ಸರ್ವರ್‌ಗೆ ಕಳಿಸಲಿ ಅಂತ ಒಂದು ವಿಚಾರಣಾ ಕೌಂಟರು! ಇರುವುದು ಒಂದೇ, ಅಲ್ಲಿಗೇ ಕಳಿಸು ಅಂತ ಬರೆದುಕೊಡಬೇಕಾಯಿತು. ವಿಳಾಸ ಬದಲಿಸಿದ ಮೇಲೆ ಬ್ರೌಸರ್‌ನಲ್ಲಿ ಸೈನ್ ಔಟ್ ಆಗಿ ಮತ್ತೆ ಸೈನ್ ಇನ್ ಆಗಬೇಕು ಅನ್ನುವುದನ್ನೂ ಗುರುತು ಮಾಡಿಕೊಳ್ಳಿ.

ಆಮೇಲೆ ನಮ್ಮೂರಿನ ಬ್ರಾಡ್‌ಬ್ಯಾಂಡ್. ಸಿಜಿನ್ಯಾಟ್ ಅಂತ ಒಂದಿದೆ. ಒಂದೇ ಐಪಿ ವಿಳಾಸದ ಹಿಂದೆ ನೂರಾರು ಮನೆ. ಹೊರಗಿನಿಂದ ನನ್ನ ಮನೆಗೆ ನೇರ ದಾರಿಯೇ ಇಲ್ಲ. ನನ್ನ ಮನೆಗೇ ಅಂತ ಒಂದು ಪಬ್ಲಿಕ್ ಐಪಿ ವಿಳಾಸ ಕೊಡಿ ಅಂತ ಫೋನ್ ಮಾಡಿದರೆ ಆ ಕಡೆಯ ಹುಡುಗಿ "ಸರ್, ನಿಮ್ಮ ವೈಫೈ ಬರ್ತಿಲ್ವಾ?" ಅಂತ ಕೇಳಿದಳು. ವೈರ್‌ಗಾರ್ಡ್ ಅನ್ನುವ ವಿಪಿಎನ್ ಹಾಕಿ ಫೋನ್‌ಗಳನ್ನು ಖಾಸಗಿ ದಾರಿಯಲ್ಲಿ ಮನೆಗೆ ಕರೆತಂದಿದ್ದೇನೆ. ಸರ್ವರ್ ಅಸಲಿ ಅಂತ ಬ್ರೌಸರ್‌ಗೆ ತೋರಿಸುವ ಸರ್ಟಿಫಿಕೇಟ್ ಪುಕ್ಕಟೆ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್‌ನದು, 90 ದಿನದ್ದು, ಡಿಎನ್‌ಎಸ್ ಮೂಲಕ ತಾನಾಗಿ ನವೀಕರಣ ಆಗುತ್ತದೆ. ಬಾಗಿಲು ಹೊರಗೆ ತೆರೆದಿಡುವ ಅಗತ್ಯವೇ ಬರಲಿಲ್ಲ. ಬಾಡಿಗೆ ವಿಪಿಎಸ್ (ಕಂಪನಿಯ ಡೇಟಾ ಸೆಂಟರ್‌ನಲ್ಲಿರುವ ಸರ್ವರ್) ಮೇಲೆ ಹಾಕಿ ಅನ್ನುವವರೂ ಇದ್ದಾರೆ, ಅದೂ ಸರಿಯೇ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಆದೇಶದ ಪ್ರಕಾರ ವಿಪಿಎಸ್ ಕೊಡುವವರು ಗ್ರಾಹಕರ ವಿವರಗಳನ್ನು 5 ವರ್ಷ ಇಟ್ಟುಕೊಳ್ಳಬೇಕು. ಅಡಿಕೆ ರೇಟು ನೋಡುವವನಿಗೆ ಅದರಿಂದ ಏನೂ ಆಗಬೇಕಿಲ್ಲ.

"ಮಳೆಗಾಲದಲ್ಲಿ ಕರೆಂಟ್ ಹೋದರೆ ನಿನ್ನ ಸರ್ವರ್ ಕಥೆ?" ಇದು ಎಲ್ಲರೂ ಗೆದ್ದೆವು ಅಂದುಕೊಂಡು ಕೇಳುವ ಎರಡನೇ ಪ್ರಶ್ನೆ. ಏನೂ ಆಗುವುದಿಲ್ಲ. ಸಿಂಕ್‌ನಲ್ಲಿ ಅಸಲು ಡೇಟಾ ಇರುವುದು ಪ್ರತಿ ಬ್ರೌಸರ್‌ನ ಒಳಗೆ. ಸರ್ವರ್ ನಡುವಿನ ಅಂಚೆ ಮಾತ್ರ. ಆಷಾಢದಲ್ಲಿ ಎರಡು ದಿನ ಕರೆಂಟ್ ಇಲ್ಲದಿದ್ದರೆ ಎರಡು ದಿನ ಸುದ್ದಿ ತಲುಪುವುದಿಲ್ಲ, ಬಂದ ಮೇಲೆ ತಲುಪುತ್ತದೆ. ಡಿಸ್ಕ್ ಪೂರ್ತಿ ಸುಟ್ಟುಹೋದರೂ ಹೊಸ ಸರ್ವರ್ ಎಬ್ಬಿಸಿ ಲಾಗಿನ್ ಆದರೆ ಲ್ಯಾಪ್‌ಟಾಪು ತನ್ನಲ್ಲಿದ್ದದ್ದನ್ನು ಮತ್ತೆ ಕಳಿಸುತ್ತದೆ. ಮನೆಯಲ್ಲಿ ಇಡಲು ಇಷ್ಟು ಸೈರಣೆ ಇರುವ ಸರ್ವರ್ ಇನ್ನೊಂದಿಲ್ಲ. ಇಮೇಲ್ ಸರ್ವರ್ ಇಟ್ಟು ನೋಡಿ, ಆಗ ಗೊತ್ತಾಗುತ್ತದೆ.

ಹಾಗೇ, ದೊಡ್ಡವರ ಸರ್ವರ್ ಅಂದರೆ ಭದ್ರ ಅನ್ನುವ ಭಕ್ತಿ ಇದೆಯಲ್ಲ, ಅದಕ್ಕೆ 2016ರ ಆಗಸ್ಟ್ ನೆನಪಿಸುತ್ತೇನೆ. ಒಪೆರಾ ಬ್ರೌಸರ್‌ನ ಸಿಂಕ್ ಸರ್ವರ್‌ಗೆ ಯಾರೋ ನುಗ್ಗಿದರು. ಆ ಸೇವೆಗೆ 17 ಲಕ್ಷ ಸಕ್ರಿಯ ಬಳಕೆದಾರರು ಅಂತ ಕಂಪನಿಯೇ ಹೇಳಿತ್ತು. ಎಲ್ಲರ ಸಿಂಕ್ ಪಾಸ್‌ವರ್ಡ್ ರೀಸೆಟ್ ಮಾಡಿಸಿದರು. ನನ್ನ ಟಿವಿ ಹಿಂದಿನ ಪೆಟ್ಟಿಗೆಗೆ ನುಗ್ಗಲು ಯಾರಿಗಾದರೂ ಅಷ್ಟು ಆಸಕ್ತಿ ಬಂದರೆ ನಾನೇ ಕಾಫಿ ಕೊಡ್ತೀನಿ.

ನಿಜ ಹೇಳಬೇಕೆಂದರೆ ಇದರಲ್ಲಿ ತತ್ವ ಅರ್ಧ, ಖುಷಿ ಅರ್ಧ. ಲ್ಯಾಪ್‌ಟಾಪಿನಲ್ಲಿ ತೆರೆದ ಪುಟ ಫೋನಿನಲ್ಲಿ ಕಾಣಿಸಿಕೊಂಡಾಗ, ಅದು ನನ್ನ ಹಾಲ್‌ನಲ್ಲೇ ಇರುವ ಪೆಟ್ಟಿಗೆಯಿಂದ ಬಂತು ಅನ್ನುವ ಸಂತೋಷ ಇದೆಯಲ್ಲ, ಅದಕ್ಕೆ ಕಾರಣ ಕೊಡಲು ನನಗೆ ಬರುವುದಿಲ್ಲ. ತೋಟ ಇಲ್ಲದವನು ಬಾಲ್ಕನಿಯಲ್ಲಿ ಮೆಣಸಿನ ಗಿಡ ಇಟ್ಟರೆ ಯಾರೂ ಪ್ರಶ್ನೆ ಕೇಳುವುದಿಲ್ಲ. ನನ್ನನ್ನು ಮಾತ್ರ ಕಟಕಟೆಗೆ ಹತ್ತಿಸುತ್ತಾರೆ.

ಎಲ್ಲರೂ ಮಾಡಿ ಅಂತ ಖಂಡಿತ ಹೇಳಲ್ಲ. ನನ್ನ ಅಮ್ಮನ ಫೋನಿನಲ್ಲಿ ಮೊಜಿಲ್ಲಾದ ಸರ್ವರೇ ಇದೆ, ಇರಲಿ. ನಾನು ಕೇಳುವುದು ಇಷ್ಟೇ: ಸೆಟ್ಟಿಂಗ್ಸ್‌ನಲ್ಲಿ, ಕಣ್ಣಿಗೆ ಕಾಣುವ ಹಾಗೆ, ಒಂದು ಸಾಲು. ಸರ್ವರ್ ಯಾವುದು? ಹಿಂದೆ ಇತ್ತಲ್ಲ, ಅದೇ. ಬೇಡದವರು ನೋಡಿ ಮುಂದೆ ಹೋಗುತ್ತಾರೆ.

ಇದನ್ನೆಲ್ಲ ಒಟ್ಟಿಗೆ ಎಬ್ಬಿಸುವ ಡಾಕರ್ ಕಂಪೋಸ್ ಫೈಲ್ ಬೇಕಾದವರು ಕಾಮೆಂಟಿನಲ್ಲಿ ಹೇಳಿ, ನನ್ನ ಪಾಸ್‌ವರ್ಡ್ ಅಳಿಸಿ ಫೈಲನ್ನು ಅಲ್ಲೇ ಹಾಕುತ್ತೇನೆ. ಹಳೇ ಪೈಥಾನ್ ಸರ್ವರ್ ಬಗ್ಗೆ ಬರೆದ ವಿವರಣೆಗಳು ಹುಡುಕಿದರೆ ಈಗಲೂ ಮೊದಲು ಬರುತ್ತವೆ, ಅವುಗಳ ಹಿಂದೆ ಹೋಗಿ ಒಂದು ಭಾನುವಾರ ಕಳೆದುಕೊಳ್ಳಬೇಡಿ. ಐಫೋನ್‌ನವರು ನನ್ನನ್ನು ಕೇಳಬೇಡಿ, ನಮ್ಮನೆಯಲ್ಲಿ ಐಫೋನ್ ಇಲ್ಲ.