ತಪ್ಪಿಸಿಕೊಂಡಿದ್ದಕ್ಕೆ ಬಿಲ್, ಬಡ್ಡಿ ಬೇರೆ

1825ರ ಜುಲೈನಲ್ಲಿ ಕೆರಿಬಿಯನ್ ಸಮುದ್ರದ ಹೈಟಿಗೆ, ಹಿಂದೆ ಅದನ್ನು ಆಳಿದ್ದ ಫ್ರಾನ್ಸಿನಿಂದ ನೆಂಟರು ಬಂದರು. 14 ಯುದ್ಧನೌಕೆ, ಸುಮಾರು 500 ತೋಪು. ನೆಂಟರು ಇಷ್ಟೊಂದು ಸಾಮಾನು ಹೊತ್ತು ಬರುವುದಿಲ್ಲ, ಇರಲಿ. ದೊರೆ ಹತ್ತನೇ ಚಾರ್ಲ್ಸ್ ಕಳಿಸಿದ ಕಾಗದವೊಂದೂ ಜೊತೆಗಿತ್ತು. "ನಿಮಗೆ ಸ್ವಾತಂತ್ರ್ಯ ಕೊಟ್ಟಿದ್ದೇವೆ, 15 ಕೋಟಿ ಫ್ರಾಂಕ್ ಕೊಡಿ" ಎಂಬುದು ಅದರ ತಾತ್ಪರ್ಯ.

ತಮಾಷೆ ಏನೆಂದರೆ ಹೈಟಿಯವರ ಹತ್ತಿರ ಸ್ವಾತಂತ್ರ್ಯ ಆಗಲೇ ಇತ್ತು. ಕಬ್ಬಿನ ತೋಟದ ಗುಲಾಮರು 1791ರಲ್ಲಿ ತಿರುಗಿಬಿದ್ದು, ನೆಪೋಲಿಯನ್ನನ ಸೈನ್ಯವನ್ನೂ ಮಣಿಸಿ, 1804ರ ಜನವರಿ 1ರಂದು ಅದನ್ನು ಸ್ವತಃ ಗಳಿಸಿಕೊಂಡಿದ್ದರು. ಬಿಲ್ ಬಂದದ್ದು ಅದಕ್ಕೇ. ತೋಟ ಹೋಯಿತು, ಆಳು ಹೋದರು, ಪಾಪ ಮಾಲೀಕರಿಗೆ ನಷ್ಟ ಆಯಿತಲ್ಲ! ಆ ನಷ್ಟ ತುಂಬಿಕೊಡಬೇಕಾದವರು ಯಾರು? ಹೋದ ಆಳುಗಳೇ.

ಕೈಯಲ್ಲಿ ಕಾಸಿಲ್ಲ ಅಂದರೆ ಅದಕ್ಕೂ ದಾರಿ ಇತ್ತು. ಸಾಲ ತಗೊಳ್ಳಿ, ಅದೂ ಪ್ಯಾರಿಸ್‌ನಲ್ಲೇ. ಮೊದಲ ಕಂತಿಗೆ 3 ಕೋಟಿ ಸಾಲ ಬರೆಸಿಕೊಂಡು, 60 ಲಕ್ಷ ಮೊದಲೇ ಮುರಿದುಕೊಂಡು, 2 ಕೋಟಿ 40 ಲಕ್ಷ ಕೊಟ್ಟರು. ನಮ್ಮ ಮೀಟರ್ ಬಡ್ಡಿಯವರು ಇದನ್ನು ತಾವೇ ಕಂಡುಹಿಡಿದದ್ದು ಅಂದುಕೊಂಡಿದ್ದರೆ, ಕ್ಷಮಿಸಿ. 1838ರಲ್ಲಿ ದೊಡ್ಡ ಮನಸ್ಸು ಮಾಡಿ ಒಟ್ಟು ಮೊತ್ತವನ್ನು 9 ಕೋಟಿಗೆ ಇಳಿಸಿದರು. ಸಾಲ ತೀರಿಸಲು ಇನ್ನೊಂದು ಸಾಲ ಮಾಡುತ್ತಾ ಹೈಟಿ ಉಸಿರು ಬಿಡುವಷ್ಟರಲ್ಲಿ 1947 ಬಂದಿತ್ತು.

ಬ್ರಿಟನ್ನಿನವರದು ಇನ್ನೂ ನಯ. 1833ರಲ್ಲಿ ಗುಲಾಮಗಿರಿ ರದ್ದು ಮಾಡಿ, ಮಾಲೀಕರಿಗೆ 2 ಕೋಟಿ ಪೌಂಡ್ ಪರಿಹಾರ ಹಂಚಿದರು. ಗುಲಾಮರಿಗೆ ಸೊನ್ನೆ. ಅದಕ್ಕೆ ಮಾಡಿದ ಸಾಲ ಪೂರ್ತಿ ತೀರಿದ್ದು 2015ರಲ್ಲಿ. ಅಂದರೆ ಜಮೈಕಾದಿಂದ ಲಂಡನ್ನಿಗೆ ಹೋಗಿ ನೆಲೆಸಿದವರೂ ತೆರಿಗೆ ಕಟ್ಟಿ, ತಮ್ಮ ಮುತ್ತಜ್ಜನ ಒಡೆಯನಿಗೆ ಕೊಟ್ಟ ಪರಿಹಾರದ ಸಾಲ ತೀರಿಸಿದ್ದಾರೆ.

ಹೈಟಿಗೆ ವಾಪಸ್ ಬರೋಣ. 1914ರ ಡಿಸೆಂಬರ್‌ನಲ್ಲಿ ಅಮೆರಿಕದ ನೌಕಾಯೋಧರು ಅಲ್ಲಿಯ ರಾಷ್ಟ್ರೀಯ ಬ್ಯಾಂಕಿಗೆ ಹೋದರು (ಹೆಸರಷ್ಟೇ ರಾಷ್ಟ್ರೀಯ, ಮಾಲೀಕರು ಹೊರಗಿನವರು). ಅಲ್ಲಿದ್ದ 5 ಲಕ್ಷ ಡಾಲರ್‌ನ ಚಿನ್ನವನ್ನು ನ್ಯೂಯಾರ್ಕಿಗೆ ಹೊತ್ತೊಯ್ದರು. ಜೋಪಾನಕ್ಕಂತೆ. ಮುಂದಿನ ವರ್ಷ ಇಡೀ ದೇಶವನ್ನೇ ಜೋಪಾನಕ್ಕೆ ತಗೊಂಡು, 1934ರವರೆಗೆ ಅಲ್ಲೇ ಉಳಿದರು.

2003ರಲ್ಲಿ ಹೈಟಿಯ ಅಧ್ಯಕ್ಷ ಅರಿಸ್ಟೀಡ್ ಲೆಕ್ಕ ಹಾಕಿ ಫ್ರಾನ್ಸಿಗೆ ಮರುಬಿಲ್ ಕೊಟ್ಟರು. 2,168 ಕೋಟಿ ಡಾಲರ್ ಚಿಲ್ಲರೆ, ಕೊನೆಗೆ 48 ಸೆಂಟ್. ಮರುವರ್ಷ ಫೆಬ್ರವರಿಯಲ್ಲಿ ಅವರು ಅಧಿಕಾರ ಕಳೆದುಕೊಂಡು ಅಮೆರಿಕದ ವಿಮಾನದಲ್ಲಿ ಮಧ್ಯ ಆಫ್ರಿಕಾ ಸೇರಿದ್ದರು.

2015ರಲ್ಲಿ ಫ್ರಾನ್ಸಿನ ಅಧ್ಯಕ್ಷ ಓಲಾಂದ್, "ಹೈಟಿಗೆ ಹೋದಾಗ ಸಾಲ ತೀರಿಸುತ್ತೇನೆ" ಅಂದುಬಿಟ್ಟರು. ಅವರ ಕಡೆಯವರು ಗಾಬರಿ ಬಿದ್ದು ತಿದ್ದಿದರು: ಅದು ನೈತಿಕ ಸಾಲ, ದುಡ್ಡಿನದಲ್ಲ. ವಸೂಲಿಗೆ ತೋಪು, ವಾಪಸಿಗೆ ನೀತಿ!

ಬಿಲ್ ಬಂದು 200 ವರ್ಷ ತುಂಬಿದ 2025ರಲ್ಲಿ ಫ್ರಾನ್ಸಿನ ಅಧ್ಯಕ್ಷ ಮ್ಯಾಕ್ರನ್ ಇತಿಹಾಸಕಾರರ ಸಮಿತಿ ಮಾಡಿದ್ದಾರೆ. ಸಮಿತಿ ಅಂದರೇನು ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ, ಅಲ್ವಾ? ಆದರೂ ಒಂದು ಕೋರಿಕೆ. ದೊಡ್ಡ ಮೊತ್ತ ಆಮೇಲೆ ನೋಡಿಕೊಳ್ಳಲಿ. ಸದ್ಯಕ್ಕೆ ಆ 48 ಸೆಂಟ್ ಕೊಟ್ಟು ರಸೀದಿ ತಗೊಳ್ಳಲಿ.