ತೀರ್ಪುಗಾರರ ತೀರ್ಮಾನವೇ ಅಂತಿಮ

ತಾಲ್ಲೂಕು ಮಟ್ಟದ ಪ್ರೌಢಶಾಲಾ ರಸಪ್ರಶ್ನೆ ಸ್ಪರ್ಧೆ ನಡೆಸಲು ಬೇಕಾಗುವ ಸಾಮಗ್ರಿ ಹೆಚ್ಚೇನಿಲ್ಲ. ಒಂದು ಫ್ಲೆಕ್ಸ್, ಅದರಲ್ಲಿ ಸ್ಪರ್ಧೆಯ ಹೆಸರಿಗಿಂತ ದೊಡ್ಡದಾಗಿ ಉದ್ಘಾಟಕರ ಫೋಟೊ. ವೇದಿಕೆಯ ಮೇಲೆ ಹನ್ನೊಂದು ಕುರ್ಚಿ, ನಡುವಿನದಕ್ಕೆ ಬಿಳಿ ಟವೆಲ್. ದೀಪದ ಕಂಬ, ಬತ್ತಿ, ಎಣ್ಣೆ. ಗಾಳಿಗೆ ಆರಿದರೆ ಮತ್ತೆ ಹಚ್ಚಲು ಎರಡು ಬೆಂಕಿಪೊಟ್ಟಣ. ಶಾಲು–ಹಾರ ಗಣ್ಯರ ಸಂಖ್ಯೆಗಿಂತ ಎರಡು ಹೆಚ್ಚೇ ಇರಲಿ, ಆಮಂತ್ರಣದಲ್ಲಿ ಹೆಸರಿಲ್ಲದವರು ಬಂದೇ ಬರುತ್ತಾರೆ. ಆಗಾಗ ಕುಂಯ್ ಎನ್ನುವ ಒಂದು ಮೈಕ್. ಇಷ್ಟೆಲ್ಲ ಹೊಂದಿಸಿದ ಮೇಲೆ ಸಮಯ ಉಳಿದರೆ, ಒಂದಷ್ಟು ಪ್ರಶ್ನೆ.

ಪ್ರಶ್ನೆಗಳನ್ನು ಹಿಂದಿನ ದಿನ ಸಂಜೆ ಐದರ ಮೇಲೆ ತಯಾರಿಸುವುದು ವಾಡಿಕೆ. ಮುಂಚೆಯೇ ಮಾಡಿಟ್ಟರೆ ಸೋರಿಹೋಗುತ್ತದೆ ಎಂಬುದು ಹೊರಗೆ ಹೇಳುವ ಕಾರಣ. ವಿಧಾನ ಸರಳ. ಎಫ್‌ಡಿಎ, ಪಿಡಿಒದಂಥ ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುತ್ತಿರುವವರ ಮನೆಯಿಂದ ಸಾಮಾನ್ಯ ಜ್ಞಾನದ ಗೈಡೊಂದನ್ನು ಎರವಲು ತರುವುದು, ಪೆನ್ಸಿಲ್ಲಿನಿಂದ ಐದು ಸಾಲಿಗೊಂದು ಟಿಕ್ ಹಾಕುವುದು, ಟಿಕ್ ಬಿದ್ದದ್ದನ್ನು ಬಿಳಿ ಹಾಳೆಗೆ ಇಳಿಸುವುದು. ಗೈಡಿನ ರಕ್ಷಾಪುಟ ಕಿತ್ತುಹೋಗಿದ್ದರೆ ಇನ್ನೂ ಅನುಕೂಲ, ಯಾವ ವರ್ಷದ ಮುದ್ರಣವೆಂದು ಯಾರೂ ಕೇಳುವಂತಿಲ್ಲ.

ಕೇಳಲೇಬೇಕೆನಿಸಿದರೆ ಗೈಡಿನ ವಯಸ್ಸು ಪತ್ತೆಹಚ್ಚುವುದು ಕಷ್ಟವೇನಲ್ಲ. ಸೌರಮಂಡಲದಲ್ಲಿ ಗ್ರಹಗಳು ಒಂಬತ್ತಿದ್ದರೆ ಅದು ಪ್ಲೂಟೊಗೆ ಪದವಿ ಹೋದ 2006ರ ಆಗಸ್ಟ್‌ಗಿಂತ ಹಿಂದಿನದು. ಕರ್ನಾಟಕದಲ್ಲಿ ಜಿಲ್ಲೆ 27 ಎಂದಿದ್ದರೆ ರಾಮನಗರ, ಚಿಕ್ಕಬಳ್ಳಾಪುರಗಳು ಇನ್ನೂ ಹುಟ್ಟಿಲ್ಲ, ಅಂದರೆ 2007ಕ್ಕಿಂತ ಹಿಂದಿನದು. 30 ಎಂದಿದ್ದರೆ 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಬೇರೆಯಾಗುವುದಕ್ಕೆ ಮುಂಚಿನದು. ಕನ್ನಡಕ್ಕೆ ಬಂದ ಜ್ಞಾನಪೀಠ ಏಳೇ ಆಗಿದ್ದರೆ ಕಂಬಾರರಿಗೆ ಇನ್ನೂ ಬಂದಿಲ್ಲ. ಒಂದೇ ಪುಸ್ತಕದಲ್ಲಿ ಗ್ರಹ ಒಂಬತ್ತು, ಜಿಲ್ಲೆ ಮೂವತ್ತೊಂದು ಎಂದಿದ್ದರೆ ಗಾಬರಿ ಬೇಡ. ಅದು ‘ಪರಿಷ್ಕೃತ ಆವೃತ್ತಿ’.

ಹಳೆಯದಾಗಿದ್ದರಾದರೂ ಒಂದು ಕಾಲಕ್ಕೆ ಸರಿಯಿತ್ತು ಎನ್ನಬಹುದು. ಹುಟ್ಟಿನಿಂದಲೇ ತಪ್ಪಾಗಿರುವ ಉತ್ತರಗಳ ಗಟ್ಟಿತನ ನೋಡಬೇಕು. ಭಾರತದ ರಾಷ್ಟ್ರೀಯ ಕ್ರೀಡೆ ಹಾಕಿ. ಯಾವ ಆಟವನ್ನೂ ರಾಷ್ಟ್ರೀಯ ಕ್ರೀಡೆಯೆಂದು ಘೋಷಿಸಿಯೇ ಇಲ್ಲ ಅಂತ ಕೇಂದ್ರದ ಕ್ರೀಡಾ ಸಚಿವಾಲಯವೇ 2012ರಲ್ಲಿ ಮಾಹಿತಿ ಹಕ್ಕಿನಡಿ ಉತ್ತರ ಕೊಟ್ಟಿದೆ, ಕೇಳಿದ್ದೂ ಒಬ್ಬ ಶಾಲಾ ಬಾಲಕಿ. ಇರಲಿ, ಸಚಿವಾಲಯ ತಾಲ್ಲೂಕು ಮಟ್ಟದ ತೀರ್ಪುಗಾರರೇನಲ್ಲ. ಬಾಹ್ಯಾಕಾಶದಿಂದ ಬರಿಗಣ್ಣಿಗೆ ಕಾಣುವ ಮಾನವ ನಿರ್ಮಿತಿ ಚೀನಾದ ಮಹಾಗೋಡೆ. ಚೀನಾದವರೇ ಆದ ಯಾಂಗ್ ಲಿವೈ 2003ರಲ್ಲಿ ಮೇಲೆ ಹೋಗಿ ಬಂದು, ಕಾಣಿಸಲಿಲ್ಲ ಎಂದರು. ಅವರು ಗೈಡ್ ಓದದೆ ಹೋಗಿದ್ದರೆಂದು ಕಾಣುತ್ತದೆ. ಸಂವಿಧಾನದ 343ನೇ ವಿಧಿಯಲ್ಲಿರುವುದು ‘ಒಕ್ಕೂಟದ ಅಧಿಕೃತ ಭಾಷೆ’; ನಮ್ಮ ವೇದಿಕೆಯಲ್ಲಿ ಮಾತ್ರ ಹಿಂದಿ ‘ರಾಷ್ಟ್ರಭಾಷೆ’ಯಾಗಿ, ಅದೂ ಅಚ್ಚಗನ್ನಡದಲ್ಲಿ, ಹತ್ತು ಅಂಕ ತಂದುಕೊಡುತ್ತದೆ.

ನಮ್ಮ ನೆಲದ ಪ್ರಶ್ನೆ ಬಂದಾಗ ಪರಿಸ್ಥಿತಿ ಇನ್ನೂ ರಂಗೇರುತ್ತದೆ. ಕನ್ನಡದ ಅತಿ ಪ್ರಾಚೀನ ಶಾಸನ ಯಾವುದು? ಹಾಳೆಯಲ್ಲಿರುವುದು ಹಲ್ಮಿಡಿ, ಕ್ರಿ.ಶ. 450. ಮೂರನೇ ಮೇಜಿನ ಹುಡುಗಿ ‘ತಾಳಗುಂದ’ ಎನ್ನುತ್ತಾಳೆ. ಕ್ವಿಜ್ ಮಾಸ್ಟರ್ ಹಾಳೆ ನೋಡಿ, ಹುಡುಗಿಯನ್ನು ನೋಡಿ, ಇನ್ನೊಮ್ಮೆ ಹಾಳೆ ನೋಡಿ ‘ತಪ್ಪು, ಪಾಸ್’ ಎನ್ನುತ್ತಾರೆ. ‘ಸರ್, ಶಿಕಾರಿಪುರ ತಾಲ್ಲೂಕಿನ ತಾಳಗುಂದ, ಪ್ರಣವೇಶ್ವರ ದೇವಸ್ಥಾನದ ಹತ್ತಿರ ಸಿಕ್ಕ ಸಿಂಹಕಟಾಂಜನ ಶಾಸನ, ಕ್ರಿ.ಶ. 370ರದ್ದು ಅಂತಾರೆ ಸರ್’ ಎಂದು ಆಕೆ ನಿಂತೇ ಇದ್ದರೆ ಇಬ್ಬರು ತೀರ್ಪುಗಾರರು ತಲೆಗೆ ತಲೆ ಹಚ್ಚುತ್ತಾರೆ. ಒಬ್ಬರು ದೈಹಿಕ ಶಿಕ್ಷಕರು, ಇನ್ನೊಬ್ಬರು ಇಂಗ್ಲಿಷ್ ಮೇಷ್ಟ್ರು. ಸಮಾಜ ವಿಜ್ಞಾನದವರು ಊಟದ ಉಸ್ತುವಾರಿಯಲ್ಲಿದ್ದಾರೆ. ಎರಡು ನಿಮಿಷದ ಗುಸುಗುಸು ಮುಗಿದು ತೀರ್ಪು ಹೊರಬೀಳುತ್ತದೆ: ‘ನೋಡಮ್ಮಾ, ನೀನು ಹೇಳೋದು ಇರಬಹುದು. ಆದರೆ ನಮ್ಮ ಹಾಳೇಲಿ ಇಲ್ಲ.’ ಪಕ್ಕದ ಮೇಜಿನ ಹುಡುಗ ಎದ್ದು ‘ಹಲ್ಮಿಡಿ’ ಎಂದು ಐದು ಬೋನಸ್ ಅಂಕ ಕಟ್ಟಿಕೊಳ್ಳುತ್ತಾನೆ. ಹುಡುಗನದು ತಪ್ಪೇನಿಲ್ಲ, ಅವನು ಹಾಳೆಯನ್ನು ಓದಿಕೊಂಡು ಬಂದವನು. ಆಕೆ ವಿಷಯವನ್ನು ಓದಿಕೊಂಡು ಬಂದವಳು. ಸ್ಪರ್ಧೆ ಇದ್ದದ್ದು ಹಾಳೆಯದ್ದು.

ಜೋಗಕ್ಕೂ ಇದೇ ಗತಿ. ‘ಭಾರತದ ಅತಿ ಎತ್ತರದ ಜಲಪಾತ’ ಎಂದರೆ ಒಂದು ಗೈಡಿಗೆ 253 ಮೀಟರಿನ ಜೋಗ, ಮತ್ತೊಂದಕ್ಕೆ ಅದೇ ಶಿವಮೊಗ್ಗ ಜಿಲ್ಲೆಯ ಕುಂಚಿಕಲ್, ಮಗದೊಂದಕ್ಕೆ ಮೇಘಾಲಯದ ನೊಹಕಲಿಕಾಯ್. ನೀರು ಒಂದೇ ನೆಗೆತಕ್ಕೆ ಬೀಳಬೇಕೋ, ಮೆಟ್ಟಿಲು ಮೆಟ್ಟಿಲಾಗಿ ಇಳಿದರೂ ಲೆಕ್ಕವೋ ಎಂದು ಪ್ರಶ್ನೆಯಲ್ಲೇ ಹೇಳಿಬಿಟ್ಟರೆ ಜಗಳ ಅಲ್ಲಿಗೇ ಮುಗಿಯುತ್ತದೆ. ಹಾಗೆ ಹೇಳಬೇಕಾದರೆ ಕ್ವಿಜ್ ಮಾಸ್ಟರಿಗೆ ಅದು ಗೊತ್ತಿರಬೇಕು. ಮುಳ್ಳಯ್ಯನಗಿರಿಯಂತೂ ಪುಸ್ತಕದಿಂದ ಪುಸ್ತಕಕ್ಕೆ 1,925 ಮೀಟರಿನಿಂದ 1,930ಕ್ಕೆ ಬೆಳೆದು ಮತ್ತೆ ಕುಗ್ಗುತ್ತದೆ. ಐದು ಮೀಟರ್ ಆಚೀಚೆ ಹೇಳಿದ ಕೂಸು ಸೊನ್ನೆ ಪಡೆದು ಕೂರುತ್ತದೆ.

ಇನ್ನು ಸಮಯಪಾಲನೆ. ಕಾರ್ಡಿನಲ್ಲಿ 10.30, ಉದ್ಘಾಟಕರ ಕಾರು ಬರುವುದು 12.10. ಸ್ವಾಗತ, ಪ್ರಾಸ್ತಾವಿಕ, ದೀಪ, ಉದ್ಘಾಟನಾ ನುಡಿ, ಮುಖ್ಯ ಅತಿಥಿ, ವಿಶೇಷ ಆಹ್ವಾನಿತರು, ಅಧ್ಯಕ್ಷೀಯ ನುಡಿ. ಪ್ರತಿಯೊಬ್ಬರೂ ‘ಸಮಯದ ಅಭಾವದಿಂದ ಎರಡೇ ಮಾತು’ ಎಂದು ಶುರುಮಾಡಿ, ‘ಇಂದಿನ ಮಕ್ಕಳೇ ಮುಂದಿನ ಪ್ರಜೆಗಳು’ ಎಂಬಲ್ಲಿಗೆ ತಲುಪಲು ಹದಿನೆಂಟು ನಿಮಿಷ ತೆಗೆದುಕೊಳ್ಳುತ್ತಾರೆ. ಇಡೀ ಕಾರ್ಯಕ್ರಮದಲ್ಲಿ ಇಷ್ಟೇ ಹೊತ್ತು ಎಂದು ನಿಗದಿಯಾಗಿರುವುದು ನಾಡಗೀತೆಗೆ ಮಾತ್ರ. 2022ರ ಸರ್ಕಾರಿ ಆದೇಶದ ಪ್ರಕಾರ 2 ನಿಮಿಷ 30 ಸೆಕೆಂಡು. ಭಾಷಣಕ್ಕೂ ಅಂಥದ್ದೊಂದು ಆದೇಶ ಹೊರಟಿದ್ದರೆ ಮಕ್ಕಳು ಊಟಕ್ಕೆ ಮುಂಚೆ ಲಿಖಿತ ಸುತ್ತನ್ನಾದರೂ ಮುಗಿಸುತ್ತಿದ್ದರು. ಎಂಟು ಗಂಟೆಗೆ ಬಸ್ ಹತ್ತಿ ಬಂದವರು ಎರಡೂವರೆಗೆ ಮೊದಲ ಪ್ರಶ್ನೆ ಕೇಳಿಸಿಕೊಳ್ಳುತ್ತಾರೆ. ಸಂಜೆ ನಾಲ್ಕರ ಬಸ್ ತಪ್ಪಿದರೆ ಮುಂದಿನದು ಆರೂವರೆಗೆ, ಹೀಗಾಗಿ ಐದು ಸುತ್ತಿನ ಸ್ಪರ್ಧೆ ಮೂರಕ್ಕಿಳಿಯುತ್ತದೆ. ಕೈಬಿಟ್ಟದ್ದು ಚಿತ್ರ ಸುತ್ತು ಮತ್ತು ಧ್ವನಿ ಸುತ್ತು. ಹೇಗೂ ಪ್ರೊಜೆಕ್ಟರಿನ ವೈರು ಸಭಾಂಗಣದ ಪ್ಲಗ್ಗಿಗೆ ಮುಟ್ಟಿರಲಿಲ್ಲ.

ತಂಡಗಳಿಗೆ ನದಿಗಳ ಹೆಸರು: ಕಾವೇರಿ, ಕೃಷ್ಣಾ, ತುಂಗಾ, ಶರಾವತಿ, ನೇತ್ರಾವತಿ, ಹೇಮಾವತಿ. ಕಾವೇರಿ, ಕೃಷ್ಣಾ ಎರಡೂ ಒಂದೇ ವೇದಿಕೆಯಲ್ಲಿದ್ದ ಮೇಲೆ ಹಂಚಿಕೆಯ ತಕರಾರು ಬಾರದಿರುತ್ತದೆಯೇ? ಅದು ಬರುವುದು ನೇರ ಪ್ರಶ್ನೆ–ಪಾಸ್ ಎಂಬ ಪದ್ಧತಿಯಿಂದ. ಲೆಕ್ಕ ಹಾಕಿ ನೋಡಿ. ಆರು ತಂಡ, ತಂಡಕ್ಕೆ ಐದರಂತೆ ಒಟ್ಟು ಮೂವತ್ತು ಪ್ರಶ್ನೆ. ನೇರ ಉತ್ತರಕ್ಕೆ 10, ಪಾಸ್ ಆಗಿ ಬಂದದ್ದಕ್ಕೆ 5. ಪಾಸ್ ಯಾವಾಗಲೂ ಎಡದಿಂದ ಬಲಕ್ಕೆ. ತುಂಗಾ ತಂಡ ಐದು ಪ್ರಶ್ನೆಗೂ ಬಾಯಿ ಬಿಡದಿದ್ದರೆ ಪಕ್ಕದ ಶರಾವತಿಗೆ ಕುಳಿತಲ್ಲೇ 25 ಅಂಕದ ಮೊದಲ ಅವಕಾಶ. ಎಲ್ಲವನ್ನೂ ಬಲ್ಲ ತಂಡದ ಪಕ್ಕ ಕುಳಿತವರಿಗೆ ಒಂದು ತೊಟ್ಟೂ ಇಲ್ಲ. ಯಾರ ಪಕ್ಕ ಯಾರು ಎಂಬುದು ಚೀಟಿ ಎತ್ತಿದಾಗಲೇ ತೀರ್ಮಾನವಾಗಿರುತ್ತದೆ, ಗೆದ್ದವರನ್ನು ಆಗಲೇ ಮನೆಗೆ ಕಳಿಸಿದರೂ ಆದೀತು. ನಾಲ್ಕು ಆಯ್ಕೆ ಕೊಟ್ಟು ಮೇಲೆ ಪಾಸ್ ಕೂಡ ಇಟ್ಟರಂತೂ ಸೊಗಸೇ ಸೊಗಸು: ಮೂರು ತಂಡ ಮೂರು ತಪ್ಪು ಹೇಳಿದ ಮೇಲೆ ನಾಲ್ಕನೆಯದಕ್ಕೆ ಕಳೆಯುವ ಲೆಕ್ಕ ಬಂದರೆ ಸಾಕು.

ಇದಕ್ಕೆ ಮದ್ದು ಯಾವತ್ತೋ ಸಿಕ್ಕಿದೆ. ಕೋಲ್ಕತ್ತದಲ್ಲಿ ನೀಲ್ ಒಬ್ರಿಯನ್ 1967ರಲ್ಲೇ ಬಹಿರಂಗ ಕ್ವಿಜ್ ನಡೆಸಿದ್ದರು. ಬೆಂಗಳೂರಿನ ಕರ್ನಾಟಕ ಕ್ವಿಜ್ ಅಸೋಸಿಯೇಷನ್ ಹುಟ್ಟಿದ್ದು 1983ರಲ್ಲಿ. ಕ್ವಿಜ್ ಆಡುವವರ ಬಳಗದಲ್ಲಿ ಪ್ರಶ್ನೆ ಸುತ್ತುತ್ತಲೇ ಇರುತ್ತದೆ: ಯಾರು ಉತ್ತರಿಸಿದರೂ ಅಷ್ಟೇ ಅಂಕ, ಮುಂದಿನ ಪ್ರಶ್ನೆ ಉತ್ತರಿಸಿದವರ ಪಕ್ಕದ ತಂಡದಿಂದ ಶುರು, ಅರ್ಧ ಮುಗಿದ ಮೇಲೆ ದಿಕ್ಕು ತಿರುವುಮುರುವು. ಇದಕ್ಕೆ ಬೇಕಾದ ಹೆಚ್ಚುವರಿ ಖರ್ಚು ಸೊನ್ನೆ. ಖರ್ಚೇ ಇಲ್ಲದ ಸುಧಾರಣೆಗೆ ಅನುಮೋದನೆ ಕೇಳುವುದು ಹೇಗೆ, ಬಿಲ್ಲು ಎಲ್ಲಿಂದ ತರುವುದು? ಆ ಪದ್ಧತಿ ಇನ್ನೂ ತಾಲ್ಲೂಕಿಗೆ ಬಂದು ತಲುಪಿಲ್ಲ.

ಬಝರ್ ಸುತ್ತಿನಲ್ಲಿ ಬಝರ್ ಒಂದನ್ನು ಬಿಟ್ಟು ಮಿಕ್ಕೆಲ್ಲ ಇರುತ್ತದೆ. ಕೈ ಎತ್ತುವುದು, ಮೇಜು ಕುಟ್ಟುವುದು, ಸ್ಟೀಲ್ ತಟ್ಟೆಗೆ ಚಮಚದಿಂದ ಹೊಡೆಯುವುದು. ಯಾರು ಮೊದಲು ಎಂದು ನೋಡಲು ನೇಮಕವಾದವರು ಆ ಕ್ಷಣದಲ್ಲಿ ಫೋನ್ ನೋಡುತ್ತಿರುತ್ತಾರೆ. ಅಂಗಡಿಯಿಂದ ತಂದ ಅಗ್ಗದ ಗಂಟೆಗಳಾದರೆ ಮೂರು ಒಟ್ಟಿಗೆ ಹೊಡೆದುಕೊಳ್ಳುತ್ತವೆ, ಒಂದು ಒತ್ತಿದೊಡನೆ ಉಳಿದವನ್ನು ಕಟ್ಟಿಹಾಕುವ ಲಾಕ್‌ಔಟ್ ವ್ಯವಸ್ಥೆ ಅದರಲ್ಲಿಲ್ಲ. ತಮಾಷೆಯೆಂದರೆ ವಿಜ್ಞಾನ ವಸ್ತುಪ್ರದರ್ಶನಗಳ ಖಾಯಂ ಮಾದರಿಗಳಲ್ಲಿ ‘ಕ್ವಿಜ್ ಬಝರ್’ ಕೂಡ ಒಂದು. 74373 ಎಂಬ ಲ್ಯಾಚ್ ಚಿಪ್, ಎಂಟು ಗುಂಡಿ, ಎಂಟು ಎಲ್‌ಇಡಿ, ಐದು ವೋಲ್ಟಿನ ಪವರ್ ಸಪ್ಲೈ. ಮೊದಲು ಒತ್ತಿದವರ ದೀಪ ಮಾತ್ರ ಉರಿದು ಮಿಕ್ಕವು ಬೀಗ ಹಾಕಿಕೊಳ್ಳುತ್ತವೆ. ಹತ್ತನೇ ತರಗತಿಯ ಮಕ್ಕಳು ಅದನ್ನು ಬೆಸುಗೆ ಹಾಕಿ, ಥರ್ಮಕೋಲ್ ಮೇಲೆ ಅಂಟಿಸಿ, ಬಹುಮಾನ ಪಡೆದು, ಪ್ರಯೋಗಾಲಯದ ಬೀರುವಿನ ಮೇಲೆ ಇಡುತ್ತಾರೆ. ಬೀರು ಇರುವ ಕೊಠಡಿಯಿಂದ ಮೂವತ್ತು ಹೆಜ್ಜೆ ದೂರದ ಸಭಾಂಗಣದಲ್ಲಿ ತಟ್ಟೆ–ಚಮಚದ ಸದ್ದು ಕೇಳಿಬರುತ್ತದೆ.

ಬಝರ್ ಇದ್ದರೂ ಇನ್ನೊಂದು ಗುಂಡಿ ತೋಡಿಟ್ಟಿರುತ್ತಾರೆ. ‘ಜೋಗದಲ್ಲಿ ಧುಮುಕುವ ನದಿ…’ ಎಂಬಷ್ಟಕ್ಕೆ ಒಬ್ಬ ಒತ್ತಿ ‘ಶರಾವತಿ’ ಎನ್ನುತ್ತಾನೆ. ‘ಪ್ರಶ್ನೆ ಪೂರ್ತಿ ಕೇಳು ಮರಿ. …ಶರಾವತಿ. ಆದರೆ ಅದು ಹುಟ್ಟುವ ಸ್ಥಳ ಯಾವುದು?’ ಐದು ಅಂಕ ಕಡಿತ. ಪಕ್ಕದವರು ನಿಧಾನವಾಗಿ ‘ಅಂಬುತೀರ್ಥ’ ಎನ್ನುತ್ತಾರೆ. ಮುಂದಿನ ಪ್ರಶ್ನೆಯಲ್ಲಿ ಎಲ್ಲರೂ ‘ಆದರೆ’ಗಾಗಿ ಕಾಯುತ್ತಾರೆ, ಅದು ಬರುವುದೇ ಇಲ್ಲ.

ಸಭಿಕರ ಸಾಲಿನಿಂದ ಯಾರಾದರೂ ಉತ್ತರ ಕೂಗಿದರೆ ಆ ಪ್ರಶ್ನೆ ರದ್ದು. ಕೂಗುವವರು ಸಾಮಾನ್ಯವಾಗಿ ಸೋಲುತ್ತಿರುವ ಶಾಲೆಯ ಶಿಕ್ಷಕರು. ಅದಕ್ಕೇ ಹತ್ತಾದರೂ ಹೆಚ್ಚುವರಿ ಪ್ರಶ್ನೆ ಜೇಬಿನಲ್ಲಿರಬೇಕು. ಇಲ್ಲದಿದ್ದರೆ ಕ್ವಿಜ್ ಮಾಸ್ಟರ್ ವೇದಿಕೆಯತ್ತ ಕಣ್ಣಾಡಿಸಿ ‘ಇಂದಿನ ಕಾರ್ಯಕ್ರಮದ ಅಧ್ಯಕ್ಷರು ಎಷ್ಟನೇ ಬಾರಿ ಸೊಸೈಟಿಗೆ ಆಯ್ಕೆಯಾಗಿದ್ದಾರೆ?’ ಎಂದು ಕೇಳಬೇಕಾಗುತ್ತದೆ. ಇಡೀ ದಿನದಲ್ಲಿ ಚಪ್ಪಾಳೆ ಬೀಳುವ ಪ್ರಶ್ನೆ ಅದೊಂದೇ.

ಸಮಬಲವಾದರೆ? ಲಿಖಿತ ಸುತ್ತಿನ 25 ಪ್ರಶ್ನೆಗಳಲ್ಲಿ ಐದಕ್ಕೆ ಮೊದಲೇ ನಕ್ಷತ್ರ ಗುರುತು ಹಾಕಿಟ್ಟು, ಅದರಲ್ಲಿ ಹೆಚ್ಚು ಬರೆದವರನ್ನು ಮೇಲೆ ತೆಗೆದುಕೊಳ್ಳುವುದು ಹಲವು ಕಡೆ ಇರುವ ಕ್ರಮ. ನಮ್ಮಲ್ಲಿ ನಾಣ್ಯ ಚಿಮ್ಮುತ್ತಾರೆ. ನಾಣ್ಯಕ್ಕೆ ಗೈಡ್ ಓದುವ ಕಷ್ಟವಿಲ್ಲ.

ಮಕ್ಕಳು ಯೋಚಿಸಿ ಹೇಳಬಹುದಾದ ಪ್ರಶ್ನೆ ಮಾಡುವುದು ಅಷ್ಟು ಕಷ್ಟವೇ ಎಂದು ಕೇಳುವವರಿದ್ದಾರೆ. ‘ಮೊದಲ ಮಹಾಯುದ್ಧದಿಂದಾಗಿ ಮೈಸೂರು ಸಂಸ್ಥಾನದ ಒಂದು ಮರ ಯುರೋಪಿಗೆ ಹೋಗದೆ ರಾಶಿಬಿತ್ತು. ಅದರ ಎಣ್ಣೆ ತೆಗೆಯಲು ಇಲ್ಲೇ ಕಾರ್ಖಾನೆ ಹಾಕಿದರು. ಆ ಎಣ್ಣೆಯಿಂದ ಆಮೇಲೆ ಒಂದು ಹೆಸರಾಂತ ಸೋಪು ಹುಟ್ಟಿತು. ಯಾವ ಮರ?’ ಗೈಡನ್ನು ಮುಟ್ಟದ ಹುಡುಗಿಯೂ ಯುದ್ಧ, ಎಣ್ಣೆ, ಸೋಪು ಎಂದು ಹತ್ತು ಸೆಕೆಂಡಿನಲ್ಲಿ ಶ್ರೀಗಂಧಕ್ಕೆ ಬಂದು ನಿಲ್ಲುತ್ತಾಳೆ. ಹಾಳೆಯಲ್ಲಿ ಇದೇ ಸಂಗತಿ ‘ಮೈಸೂರು ಸ್ಯಾಂಡಲ್ ಸೋಪಿನ ಕಾರ್ಖಾನೆ ಶುರುವಾದ ಇಸವಿ?’ ಎಂದಾಗಿರುತ್ತದೆ, 1916 ಎಂದವರಿಗೂ 1918 ಎಂದವರಿಗೂ ಪುಸ್ತಕದ ಆಧಾರ ಇರುತ್ತದೆ, ಅಂಕ ಒಬ್ಬರಿಗೇ ಇರುತ್ತದೆ.

ಬಹುಮಾನದ ವಿಷಯಕ್ಕೆ ಬಂದರೆ, ಚಂದನ ವಾಹಿನಿಯ ‘ಥಟ್ ಅಂತ ಹೇಳಿ’ಯಲ್ಲಿ ನಾ. ಸೋಮೇಶ್ವರರು ಸರಿಯುತ್ತರಕ್ಕೆ ಪುಸ್ತಕ ಕೊಟ್ಟೇ ಹೆಸರಾದವರು. ತಾಲ್ಲೂಕು ಮಟ್ಟದಲ್ಲೂ ಪುಸ್ತಕವನ್ನೇ ಕೊಡುತ್ತಾರೆ: ಪ್ರಶ್ನೆ ತೆಗೆದ ಅದೇ ಗೈಡಿನ ಹೊಸ ಪ್ರತಿ. ಪ್ರಮಾಣಪತ್ರದಲ್ಲಿ ಹೆಸರು ಬರೆಯುವ ಜಾಗ ಖಾಲಿ ಬಿಟ್ಟು, ‘ಊರಿಗೆ ಹೋಗಿ ನಿಮ್ಮ ಮೇಷ್ಟ್ರ ಹತ್ತಿರ ಬರೆಸ್ಕೊಳಿ’ ಎಂದು ಕಳಿಸುತ್ತಾರೆ.

ಗೆದ್ದ ತಂಡ ಜಿಲ್ಲಾ ಮಟ್ಟಕ್ಕೆ. ಅಲ್ಲಿಯ ಹಾಳೆ ಬೇರೆ. ಈ ಸಲ ಅಲ್ಲಿಯ ಕ್ವಿಜ್ ಮಾಸ್ಟರ್ ಪತ್ರಿಕೆ ಓದುವವರಂತೆ; ಶಾಸನದ ಪ್ರಶ್ನೆ ಬಂತು, ‘ಹಲ್ಮಿಡಿ’ ಎಂದ ಹುಡುಗನಿಗೆ ಸೊನ್ನೆ ಬಿತ್ತು. ಮುಂದಿನ ವರ್ಷದ ತಯಾರಿ ಆಗಲೇ ಶುರುವಾಗಿದೆ. ಹುಡುಗನಿಗೆ ಎರಡು ಉತ್ತರವನ್ನೂ ಬಾಯಿಪಾಠ ಮಾಡಿಸಿದ ಮೇಷ್ಟ್ರು ಸಹೋದ್ಯೋಗಿಗೆ ಫೋನ್ ಹಚ್ಚಿದ್ದಾರೆ: ‘ಅಲ್ಲ ಮಾರಾಯ್ರೆ, ಸಿಲಬಸ್ ಬಿಡಿ, ಅದು ನಮಗೆ ಗೊತ್ತು. ಆ ಕ್ವಿಜ್ ಮಾಸ್ಟರ್ ಮನೇಲಿ ಯಾವ ಪ್ರಕಾಶನದ ಗೈಡ್ ಇದೆ ಅಂತ ಒಂಚೂರು ವಿಚಾರಿಸಿ ಹೇಳಿ.’